ಹಳೇ ತೋಟಗಳ ಐರಿಸ್ ಹೂವು: ಮೊದಲು ಎಲ್ಲಿಂದ ಬಂತು, ಯಾರು ಬೆಳೆಸಿದರು?

ಪಕಳೆ

ಎಲ್ಲರಿಗೂ ನಮಸ್ಕಾರ. ನಾವು ಪೆನ್ಸಿಲ್ವೇನಿಯಾದಲ್ಲಿ ಇದ್ದೇವೆ. ಕೊಂಡ ಮನೆ 1920ರ ದಶಕದ್ದು. ಹಿತ್ತಲ ಬೇಲಿಯ ಉದ್ದಕ್ಕೂ ಐರಿಸ್ ಗೆಡ್ಡೆ ಒತ್ತೊತ್ತಾಗಿ ಹಬ್ಬಿದೆ. ಯಾರು ನೆಟ್ಟರು ಅಂತ ಹೇಳುವವರು ಯಾರೂ ಇಲ್ಲ. ಈ ಮೇ ತಿಂಗಳಲ್ಲಿ ಮೂರು ಬಗೆಯ ಹೂ ಬಂತು.

ಮೊದಲನೆಯದು ಕಡು ನೇರಳೆ. ಎಲ್ಲಕ್ಕಿಂತ ಮುಂಚೆ ಅರಳಿತು, ಆದರೆ ಒಂದೂ ಕಾಯಿ ಕಟ್ಟಲಿಲ್ಲ. ಎರಡನೆಯದು ತಿಳಿ ನೇರಳೆ, ಎತ್ತರದ ಕಡ್ಡಿ, ದ್ರಾಕ್ಷಿ ರಸದ ವಾಸನೆ. ಮೂರನೆಯದು ಚಿಕ್ಕ ಹೂ. ಮೇಲೆದ್ದ ದಳ ಹಳದಿ, ಕೆಳಗೆ ಬಾಗಿದ ದಳ ಕಂದುಗೆಂಪು.

ಈಗ ನರ್ಸರಿಯಲ್ಲಿ ಸಿಗುವ ಐರಿಸ್ ಇವುಗಳ ಎರಡರಷ್ಟು ದೊಡ್ಡದು, ದಳಗಳೆಲ್ಲ ಸುಕ್ಕು ಸುಕ್ಕು. ನನಗೆ ಈ ಹಳೆಯವೇ ಜಾಸ್ತಿ ಇಷ್ಟ. ಇವು ಕಾಡಿನ ಹೂಗಳಾ, ಇಲ್ಲಾ ಯಾರಾದರೂ ಕೂತು ಮಾಡಿದ ತಳಿಗಳಾ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಬಾಟನಿ ಮೇಷ್ಟ್ರು

ಒಳ್ಳೆ ಪ್ರಶ್ನೆ ಕೇಳಿದ್ದೀರಿ ತಾಯಿ. ಉತ್ತರಿಸುವ ಮೊದಲು ಒಂದು ವಿಷಯ ಬೇಕು. ಎರಡನೆಯ ಗಿಡದಲ್ಲಿ ಮೊಗ್ಗನ್ನು ಸುತ್ತಿಕೊಂಡಿರುವ ಪೊರೆ ಹೇಗಿತ್ತು? ಹಸಿರಾಗಿತ್ತಾ, ಅಥವಾ ಹೂ ಬಿಡುವ ಮುಂಚೆಯೇ ಒಣಗಿ ಬೆಳ್ಳಿ ಬಣ್ಣದ ತೆಳು ಕಾಗದದ ಹಾಗೆ ಆಗಿತ್ತಾ?

ಪಕಳೆ

ಕಾಗದದ ಹಾಗೇ ಇತ್ತು ಮೇಷ್ಟ್ರೇ! ಗಿಡ ಒಣಗುತ್ತಿದೆ ಅಂತ ನಾನು ನೀರು ಹಾಕಿದ್ದೆ. ಫೋಟೋ ಇದೆ, ಅದರಲ್ಲೂ ಹಾಗೇ ಕಾಣುತ್ತದೆ.

ಬಾಟನಿ ಮೇಷ್ಟ್ರು

ಹಾಗಾದರೆ ಅದು ಐರಿಸ್ ಪ್ಯಾಲಿಡಾ, ಅಥವಾ ಅದಕ್ಕೆ ತೀರಾ ಹತ್ತಿರದ್ದು. ಆ ಒಣ ಪೊರೆಯೇ ಅದರ ಗುರುತು. ದ್ರಾಕ್ಷಿ ವಾಸನೆಯೂ ಅದರದ್ದೇ. ಇದು ಕ್ರೊವೇಷಿಯಾದ ಕರಾವಳಿ ಬೆಟ್ಟಗಳ ಕಡೆಯ ಕಾಡು ಹೂ, ಇಟಲಿಯ ಉತ್ತರದವರೆಗೂ ಸಿಗುತ್ತದೆ. ಸುಣ್ಣಕಲ್ಲಿನ ಬಿರುಕಿನಲ್ಲಿ, ಸುಡುಬಿಸಿಲಿನಲ್ಲಿ ಬೆಳೆಯುವ ಗಿಡ. ನಿಮ್ಮ ನೀರಿನ ಉಪಚಾರ ಅದಕ್ಕೆ ಬೇಕಿಲ್ಲ.

ಯುರೋಪಿನ ಹಳೇ ತೋಟದ ಐರಿಸ್‌ಗಳ ಕಥೆಯಲ್ಲಿ ಎರಡು ಗಿಡ ಮುಖ್ಯ. ಒಂದು ಈ ಪ್ಯಾಲಿಡಾ. ಇನ್ನೊಂದು ಐರಿಸ್ ವೇರಿಗೇಟಾ. ಅದು ಆಸ್ಟ್ರಿಯಾ, ಹಂಗೇರಿ, ಬಾಲ್ಕನ್ ಕಡೆಯ ಹುಲ್ಲುಗಾವಲಿನದು. ಕುಳ್ಳ ಗಿಡ. ಮೇಲಿನ ದಳ ಹಳದಿ, ಕೆಳಗಿನ ದಳದ ಮೇಲೆ ಕಂದುಗೆಂಪು ಗೆರೆಗಳು. ಈ ಎರಡರ ನೆಲೆ ಬಾಲ್ಕನ್ ಭಾಗದಲ್ಲಿ ಒಂದಕ್ಕೊಂದು ತಾಗುತ್ತದೆ. ಅಲ್ಲಿ ದುಂಬಿಗಳು ಇದರ ಪರಾಗ ಅದಕ್ಕೆ, ಅದರದು ಇದಕ್ಕೆ ಹೊತ್ತು ತಾವಾಗಿಯೇ ಬೆರಕೆ ಮಾಡಿಬಿಟ್ಟಿವೆ. ಎತ್ತರ ಒಂದರಿಂದ, ಹಳದಿ ಬಣ್ಣ ಇನ್ನೊಂದರಿಂದ. ಎರಡೂ ಕೂಡಿದಾಗ ಹೊಗೆ ಬಣ್ಣ, ಕಂಚಿನ ಬಣ್ಣ, ಮಾಸಲು ಗುಲಾಬಿ, ಹಳದಿ ಮೇಲೆ ನೇರಳೆ, ಹೀಗೆ ಲೆಕ್ಕವಿಲ್ಲದಷ್ಟು ಬಣ್ಣ ಹುಟ್ಟಿತು.

ಗಿಡಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1759ರಲ್ಲಿ ಎರಡು ಗಿಡಗಳಿಗೆ ಐರಿಸ್ ಸಾಂಬುಸಿನಾ, ಐರಿಸ್ ಸ್ಕ್ವಾಲೆನ್ಸ್ ಅಂತ ಹೆಸರು ಕೊಟ್ಟ. ಅವು ಬೇರೆ ಬೇರೆ ಜಾತಿ ಅಂತಲೇ ಜನ ನೂರಾರು ವರ್ಷ ನಂಬಿದ್ದರು. ನಿಜದಲ್ಲಿ ಎರಡೂ ಪ್ಯಾಲಿಡಾ, ವೇರಿಗೇಟಾಗಳ ಮಕ್ಕಳು. ಇದನ್ನು ತೋರಿಸಿದ್ದು 19ನೇ ಶತಮಾನದ ಕೊನೆಗೆ ಕೇಂಬ್ರಿಜ್‌ನ ಮೈಕೆಲ್ ಫಾಸ್ಟರ್. ಆತ ಎರಡು ಕಾಡು ಜಾತಿಗಳನ್ನು ತಾನೇ ಕೈಯಾರೆ ಕೂಡಿಸಿ, ಹಾಗೇ ಇರುವ ಗಿಡಗಳನ್ನು ಬೆಳೆಸಿ ತೋರಿಸಿದರು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹಳೇ ಐರಿಸ್‌ಗಳನ್ನು ಯಾರೂ ಕೂತು ಮಾಡಲಿಲ್ಲ. ಬೆಟ್ಟದಲ್ಲಿ, ತೋಟದಲ್ಲಿ ತಾವಾಗಿ ಹುಟ್ಟಿದ್ದನ್ನು ಕಣ್ಣಿದ್ದವರು ಆರಿಸಿಕೊಂಡರು, ಬಿಡದೆ ಉಳಿಸಿಕೊಂಡರು. ಆ ಆರಿಸುವ ಕೆಲಸವೇ ದೊಡ್ಡದು. ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಪ್ರಶ್ನಾರ್ಥಕ

ಮೇಷ್ಟ್ರೇ, ಒಂದು ಅನುಮಾನ. ಐರಿಸ್ ಇತಿಹಾಸ ಈಜಿಪ್ಟ್‌ನಿಂದ ಶುರುವಾಗುತ್ತದೆ ಅಂತ ಓದಿದ್ದೆ. ಮೂರನೇ ಥುಟ್ಮೋಸ್ ಅನ್ನುವ ಫರೋ ಸಿರಿಯಾದ ದಂಡಯಾತ್ರೆಯಿಂದ ಗಿಡಗಳನ್ನು ತಂದು, ಕಾರ್ನಾಕ್ ದೇವಾಲಯದ ಗೋಡೆಯ ಮೇಲೆ ಕೆತ್ತಿಸಿದ ಅಂತ. ಅದು ಕ್ರಿಸ್ತಪೂರ್ವ 15ನೇ ಶತಮಾನ. ನೀವು ಬಾಲ್ಕನ್‌ನಿಂದ ಶುರು ಮಾಡಿದಿರಿ?

ಬಾಟನಿ ಮೇಷ್ಟ್ರು

ಕಾರ್ನಾಕ್ ಕೆತ್ತನೆ ನಿಜ, ಅದರಲ್ಲಿ ಐರಿಸ್ ಥರದ ಹೂಗಳೂ ಇವೆ. ಆದರೆ ಕಲ್ಲಿನಲ್ಲಿ ಕೆತ್ತಿದ ಹೂ ನೋಡಿ ಇದು ಇಂಥದ್ದೇ ಜಾತಿ ಅಂತ ಆಣೆ ಇಡುವುದು ಕಷ್ಟ. ಜೊತೆಗೆ, ಅರಸ ಒಂದು ಹೂ ತಂದ ಅನ್ನುವುದು ಬೇರೆ, ಆ ಹೂ ಕೈಯಿಂದ ಕೈಗೆ ದಾಟಿ ಪಕಳೆ ಅವರ ಬೇಲಿವರೆಗೆ ಬಂತು ಅನ್ನುವುದು ಬೇರೆ. ನಾನು ಎರಡನೆಯದನ್ನು ಹಿಡಿದು ಹೊರಟಿದ್ದೇನೆ.

ಗ್ರೀಕರು, ರೋಮನ್ನರು ಐರಿಸ್ ಬೆಳೆದದ್ದು, ಅಗೆದದ್ದು ಹೂವಿಗಿಂತ ಹೆಚ್ಚಾಗಿ ಗೆಡ್ಡೆಗೋಸ್ಕರ. ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಬರೆದ ಔಷಧಿ ಗ್ರಂಥದ ಮೊದಲನೇ ಅಧ್ಯಾಯವೇ ಐರಿಸ್. ರೋಮಿನ ಲೇಖಕ ಪ್ಲೀನಿ ಇನ್ನೂ ಸೊಗಸಾದ ವಿಷಯ ಬರೆದಿಟ್ಟಿದ್ದಾನೆ. ಗೆಡ್ಡೆ ಅಗೆಯುವ ಮೂರು ತಿಂಗಳ ಮುಂಚೆ ಗಿಡದ ಸುತ್ತ ಜೇನು ಬೆರೆಸಿದ ನೀರು ಸುರಿಯಬೇಕಂತೆ. ಭೂಮಿಯನ್ನು ಸಮಾಧಾನ ಮಾಡುವುದಕ್ಕೆ! ಆಮೇಲೆ ಕತ್ತಿಯ ಮೊನೆಯಿಂದ ಸುತ್ತ ಮೂರು ಗೆರೆ ಎಳೆದು, ಕಿತ್ತ ಕೂಡಲೇ ಆಕಾಶಕ್ಕೆ ಎತ್ತಿ ಹಿಡಿಯಬೇಕು. ಇಲಿರಿಯಾದ ಗೆಡ್ಡೆ ಎಲ್ಲಕ್ಕಿಂತ ಉತ್ತಮ ಅಂತಲೂ ಹೇಳುತ್ತಾನೆ. ಇಲಿರಿಯಾ ಅಂದರೆ ಅದೇ ಬಾಲ್ಕನ್ನಿನ ಪಡುವಣ ಕರಾವಳಿ. ನೋಡಿ, ತಿರುಗಿ ಅಲ್ಲಿಗೇ ಬಂದೆವು.

ಗಂಧದಂಗಡಿ

ಗೆಡ್ಡೆ ವಿಷಯ ಬಂತಲ್ಲ, ನಾನೂ ಎರಡು ಮಾತು ಸೇರಿಸುತ್ತೇನೆ. ನಮ್ಮದು ಸುಗಂಧದ ವ್ಯಾಪಾರ. ಇದನ್ನು ನಾವು ಓರಿಸ್ ರೂಟ್ ಅಂತೀವಿ. ಯುನಾನಿಯವರು ಇರ್ಸಾ ಅಂತಾರೆ.

ಹಸಿ ಗೆಡ್ಡೆಗೆ ಹೇಳಿಕೊಳ್ಳುವಂಥ ಪರಿಮಳವೇ ಇಲ್ಲ. ಮಣ್ಣಿನ ವಾಸನೆ, ಅಷ್ಟೇ. ನೆಟ್ಟು ಎರಡು ಮೂರು ವರ್ಷಕ್ಕೆ ಅಗೆದು, ಸಿಪ್ಪೆ ಕೆರೆದು, ಒಣಗಿಸಿ, ಸುಮ್ನೆ ಇಟ್ಟುಬಿಡಬೇಕು. ಮೂರರಿಂದ ಐದು ವರ್ಷ. ಆ ಹೊತ್ತಿನಲ್ಲಿ ಒಳಗಿನ ವಸ್ತುಗಳು ಗಾಳಿಯ ಜೊತೆ ಸೇರಿ ನಿಧಾನಕ್ಕೆ ಬದಲಾಗಿ ಐರೋನ್ ಅನ್ನುವುದು ಹುಟ್ಟುತ್ತದೆ. ಅದಕ್ಕೆ ವಯಲೆಟ್ ಹೂವಿನ ಪರಿಮಳ. 1893ರಲ್ಲಿ ಜರ್ಮನಿಯ ಟೀಮನ್ ಮತ್ತು ಕ್ರೂಗರ್ ಇದನ್ನು ಬೇರ್ಪಡಿಸಿ ತೋರಿಸಿದರು. ಭಟ್ಟಿ ಇಳಿಸಿದಾಗ ಬರುವುದು ಎಣ್ಣೆಯಂತೆ ಹರಿಯುವುದಿಲ್ಲ, ಗಟ್ಟಿಯಾಗಿ ಕೂರುತ್ತದೆ. ಅದಕ್ಕೇ ಓರಿಸ್ ಬಟರ್ ಅನ್ನುವುದು. ಒಂದು ಟನ್ ಒಣ ಗೆಡ್ಡೆಯಿಂದ ಸುಮಾರು ಎರಡು ಕಿಲೋ ಬಂದರೆ ಪುಣ್ಯ. ಬೆಲೆ ಯಾಕೆ ಆಕಾಶದಲ್ಲಿ ಇರುತ್ತದೆ ಅಂತ ಈಗ ಗೊತ್ತಾಯ್ತಲ್ವಾ?

ಇಟಲಿಯ ಫ್ಲಾರೆನ್ಸ್ ಸುತ್ತಮುತ್ತ ಶತಮಾನಗಳಿಂದ ಇದನ್ನು ಬೆಳೆಯುತ್ತಾ ಬಂದಿದ್ದಾರೆ. ದ್ರಾಕ್ಷಿ, ಆಲಿವ್ ಗಿಡಗಳ ನಡುವಿನ ಕಲ್ಲು ಬದುಗಳ ಮೇಲೆ ನೆಡುತ್ತಾರೆ. ಅಲ್ಲಿ ಹೆಚ್ಚಾಗಿ ಇರುವುದು ಇದೇ ಪ್ಯಾಲಿಡಾ. ಬಿಳಿ ಹೂವಿನ ಫ್ಲಾರೆಂಟಿನಾವನ್ನೂ ಬೆಳೆಯುತ್ತಿದ್ದರು. ಮೊರಾಕೊ ಕಡೆಯಿಂದ ಬರುವುದು ಜರ್ಮಾನಿಕಾ.

ನಮ್ಮಲ್ಲಿ ಒಂದು ಎಚ್ಚರಿಕೆ. ಪುಷ್ಕರಮೂಲ ಅಂತ ಕೊಂಡರೆ ಕೆಲವೊಮ್ಮೆ ಐರಿಸ್ ಗೆಡ್ಡೆ ಬಂದಿರುತ್ತದೆ. ನಿಜವಾದ ಪುಷ್ಕರಮೂಲ ಸೂರ್ಯಕಾಂತಿ ಕುಟುಂಬಕ್ಕೆ ಸೇರಿದ ಬೇರೆಯೇ ಗಿಡ. ಔಷಧಿಗೆ ಕೊಳ್ಳುವವರು ನೋಡಿಕೊಂಡು ಕೊಳ್ಳಿ.

ಹಿತ್ತಲಮನೆ

ಹಾಗಾದರೆ ನಮ್ಮ ಬಜೆ ಇದೇನಾ? ಎಲೆ ನೋಡಿದರೆ ಥೇಟ್ ಹಾಗೇ ಇರುತ್ತದೆ, ಕತ್ತಿಯ ಹಾಗೆ. ಮಗುವಿಗೆ ತೇಯ್ದು ನೆಕ್ಕಿಸುತ್ತಾರಲ್ಲ, ಅದು.

ಬಾಟನಿ ಮೇಷ್ಟ್ರು

ಅಲ್ಲ ತಾಯಿ. ಎಲೆ ಹಾಗೇ ಕಂಡರೂ ಬಜೆ ಬೇರೆ ಕುಟುಂಬದ್ದು, ಅಕೋರಸ್. ಎಲೆಯನ್ನು ಹಿಸುಕಿದರೆ ಘಾಟು ವಾಸನೆ ಬರುತ್ತದೆ, ಐರಿಸ್ ಎಲೆಗೆ ಅದಿಲ್ಲ. ಯುರೋಪಿನ ಕೆರೆ ದಂಡೆಯ ಹಳದಿ ಐರಿಸ್‌ಗೂ ಇದೇ ಗೊಂದಲದಿಂದ ಸ್ಯೂಡಕೋರಸ್, ಅಂದರೆ ಸುಳ್ಳು ಬಜೆ, ಅಂತ ಹೆಸರು ಬಿತ್ತು. ಅಲ್ಲಿಯವರೂ ಬಜೆ ಅಂದುಕೊಂಡು ಅದನ್ನು ಕಿತ್ತವರೇ.

ಟೋಕಿಯೋ ಕನ್ನಡತಿ

ಜಪಾನ್‌ನಲ್ಲೂ ಇದೇ ಕಥೆ ಸರ್! ಇಲ್ಲಿ ಮೇ 5ರ ಹಬ್ಬಕ್ಕೆ ಬಜೆ ಎಲೆಯನ್ನು ಸ್ನಾನದ ನೀರಿಗೆ ಹಾಕುತ್ತಾರೆ. ಅದಕ್ಕೆ ಶೋಬು ಅಂತಾರೆ. ಹೂ ಬಿಡುವ ಐರಿಸ್‌ಗೆ ಹನಾಶೋಬು.

ಇಲ್ಲಿನ ಐರಿಸ್ ಇತಿಹಾಸ ಕೂಡ ಹೇಳಲೇಬೇಕು. ಐರಿಸ್ ಎನ್ಸಾಟಾ ಅನ್ನುವ ಒಂದೇ ಒಂದು ಕಾಡು ಜಾತಿಯಿಂದ ಇಲ್ಲಿಯವರು ನೂರಾರು ತಳಿ ತೆಗೆದಿದ್ದಾರೆ. ಬೇರೆ ಜಾತಿ ಬೆರೆಸಿಲ್ಲ. ಎಡೋ ಕಾಲದಲ್ಲಿ ಮಾತ್ಸುದೈರಾ ಸದಾತೊಮೊ ಅನ್ನುವ ಸಮುರಾಯ್ ಇದ್ದ. ಶೋಓ ಅನ್ನುವುದು ಅವನ ಇನ್ನೊಂದು ಹೆಸರು. 1773ರಲ್ಲಿ ಹುಟ್ಟಿ 1856ರಲ್ಲಿ ತೀರಿಕೊಂಡ. ಬದುಕಿನ ಹೆಚ್ಚು ಭಾಗವನ್ನು ಬೀಜ ಬಿತ್ತಿ, ಹೂ ನೋಡಿ, ಒಳ್ಳೆಯದನ್ನು ಆರಿಸುವುದರಲ್ಲೇ ಕಳೆದ. ಹಿಗೋ ಸೀಮೆಯ ಒಡೆಯ, ಅಂದರೆ ಈಗಿನ ಕುಮಾಮೊತೊ ಕಡೆಯವರು, ಅವನಿಂದ ಗಿಡ ಪಡೆದರು. ಹೊರಗಿನವರಿಗೆ ಕೊಡಬಾರದು ಅನ್ನುವ ಕಟ್ಟುಪಾಡಿನಲ್ಲಿ ತಲೆಮಾರುಗಟ್ಟಲೆ ಕಾಪಾಡಿದರು. ಅಲ್ಲಿ ಅದನ್ನು ಕುಂಡದಲ್ಲಿ ಬೆಳೆದು, ಮನೆಯೊಳಗೆ ಇಟ್ಟು, ಕೂತು ನೋಡುವ ಪದ್ಧತಿ. ಹಾಗಾಗಿ ಹಿಗೋ ತಳಿಗಳು ಕೂತವರ ಕಣ್ಣಿಗೆ ಚೆನ್ನಾಗಿ ಕಾಣುವ ಹಾಗೆ ಬೆಳೆದವು. ಎಡೋ, ಅಂದರೆ ಈಗಿನ ಟೋಕಿಯೋ, ಅಲ್ಲಿಯ ತಳಿಗಳು ತೋಟದಲ್ಲಿ ನಡೆದಾಡುತ್ತಾ ಮೇಲಿಂದ ನೋಡುವುದಕ್ಕೆ. ನೋಡುವ ರೀತಿಯೇ ಹೂವಿನ ಆಕಾರವನ್ನು ಬದಲಿಸಿತು. ನನಗೆ ಇದು ತುಂಬಾ ಹಿಡಿಸಿದ ವಿಷಯ.

ಟೋಕಿಯೋದ ಹೊರಿಕಿರಿ ತೋಟ ಇಂದಿಗೂ ಇದೆ. ಹಿರೋಶಿಗೆ ಅನ್ನುವ ಹೆಸರಾಂತ ಚಿತ್ರಕಾರ 1857ರಲ್ಲಿ ಅದರ ಚಿತ್ರ ಮಾಡಿದ್ದಾನೆ. ಜೂನ್‌ನಲ್ಲಿ ಬಂದವರು ತಪ್ಪದೆ ನೋಡಿ.

ಪಕಳೆ

ಎಷ್ಟು ಚೆಂದದ ವಿಷಯ! ಆದರೆ ಯುರೋಪ್ ಕಥೆ ಅರ್ಧಕ್ಕೆ ನಿಂತಿದೆ ಮೇಷ್ಟ್ರೇ. ಔಷಧಿ ಗೆಡ್ಡೆ ಆಗಿದ್ದದ್ದು ಹೂತೋಟಕ್ಕೆ ಬಂದದ್ದು ಯಾವಾಗ?

ಬಾಟನಿ ಮೇಷ್ಟ್ರು

ಮಧ್ಯಯುಗದಲ್ಲಿ ಮಠಗಳು ಇದನ್ನು ಕಾಪಾಡಿದವು. 9ನೇ ಶತಮಾನದಲ್ಲಿ ರೈಖೆನಾವ್ ಮಠದ ವಾಲಾಫ್ರಿಡ್ ಸ್ಟ್ರಾಬೊ ಅನ್ನುವ ಸನ್ಯಾಸಿ ತನ್ನ ತೋಟದ ಗಿಡಗಳ ಮೇಲೆ ಪದ್ಯ ಬರೆದ. ಅದರಲ್ಲಿ ಐರಿಸ್ ಇದೆ. ಔಷಧಿ ಗುಣದ ಜೊತೆಗೆ ನೇರಳೆ ಹೂವಿನ ಚೆಲುವನ್ನೂ ಹೊಗಳಿದ್ದಾನೆ.

ನಿಜವಾದ ತಿರುವು 16ನೇ ಶತಮಾನದ್ದು. ಕ್ಲೂಸಿಯಸ್ ಅನ್ನುವ ಸಸ್ಯ ಪಂಡಿತ 1573ರಲ್ಲಿ ವಿಯೆನ್ನಾಕ್ಕೆ ಚಕ್ರವರ್ತಿಯ ತೋಟ ನೋಡಿಕೊಳ್ಳಲು ಬಂದ. ಆಗ ಆಟೊಮನ್ ರಾಜಧಾನಿಯಿಂದ ಗೆಡ್ಡೆ, ಬೀಜ ಬರುತ್ತಿದ್ದ ಕಾಲ. ಟ್ಯುಲಿಪ್ ಕೂಡ ಅದೇ ದಾರಿಯಲ್ಲಿ ಬಂದದ್ದು. ಐರಿಸ್ ಸೂಸಿಯಾನಾ ಅನ್ನುವ ಕಪ್ಪು ಗೆರೆಗಳ ದೊಡ್ಡ ಹೂ ಹಾಗೆಯೇ ವಿಯೆನ್ನಾ ಸೇರಿತು. ಇನ್ನೊಂದು ಕಡೆ ಹಂಗೇರಿಯ ಕಾಡು ಗಿಡಗಳನ್ನು ಕ್ಲೂಸಿಯಸ್ ತಾನೇ ಅಲೆದು ನೋಡಿದ. ಐರಿಸ್ ಬೀಜ ಬಿತ್ತಿದರೆ ತಾಯಿಯ ಹಾಗೇ ಬರುವುದಿಲ್ಲ, ಬಗೆಬಗೆಯ ಬಣ್ಣ ಬರುತ್ತದೆ ಅಂತ ಆತ ಗಮನಿಸಿ ಬರೆದ. 1601ರಲ್ಲಿ ಅಚ್ಚಾದ ಪುಸ್ತಕದಲ್ಲಿ ಎಷ್ಟೋ ಐರಿಸ್‌ಗಳ ವರ್ಣನೆ ಇದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗೆಡ್ಡೆ ಸೀಳಿ ನೆಟ್ಟರೆ ಅದೇ ಗಿಡ ಬರುತ್ತದೆ, ಬೀಜ ಬಿತ್ತಿದರೆ ಹೊಸದು ಬರುತ್ತದೆ. ಇಷ್ಟು ತಿಳಿದರೆ ತಳಿ ಅಭಿವೃದ್ಧಿಗೆ ಬೇಕಾದ್ದು ಬಹುಪಾಲು ಸಿಕ್ಕಂತೆ. ಹೊಸದು ಬೇಕಾದಾಗ ಬೀಜ, ಸಿಕ್ಕ ಒಳ್ಳೆಯದನ್ನು ಉಳಿಸಬೇಕಾದಾಗ ಗೆಡ್ಡೆ. ಮೆಂಡೆಲ್‌ಗಿಂತ ಸುಮಾರು ಮುನ್ನೂರು ವರ್ಷ ಮುಂಚೆ ತೋಟದವರ ಕೈಯಲ್ಲಿ ಈ ಅರಿವು ಇತ್ತು.

ಆದರೂ ಹೆಸರಿಟ್ಟು ಮಾರುವ ಕೆಲಸ ಶುರುವಾದದ್ದು 19ನೇ ಶತಮಾನದಲ್ಲಿ, ಫ್ರಾನ್ಸಿನಲ್ಲಿ. ಮೊದಲು ದ ಬ್ಯೂರ್ ಅನ್ನುವವರು ಬೀಜದಿಂದ ಒಂದು ಒಳ್ಳೆ ಗಿಡ ಪಡೆದರು. ಬಿಳಿ ದಳ, ಅಂಚಿಗೆ ಬಣ್ಣದ ಹೊಲಿಗೆ ಹಾಕಿದಂತೆ. ಅದು ಬ್ಯೂರಿಯೆನ್ಸಿಸ್. ಆಮೇಲೆ ಪ್ಯಾರಿಸ್ ಹತ್ತಿರದ ನರ್ಸರಿಯವನು ಲೆಮೊನ್. 1840ರಲ್ಲಿ ಆತ ಸುಮಾರು ನೂರು ಐರಿಸ್‌ಗಳ ಪಟ್ಟಿ ಹೊರಡಿಸಿದ, ಪ್ರತಿಯೊಂದಕ್ಕೂ ಹೆಸರು. ಲೆಮೊನ್ ಕೈಯಿಂದ ಪರಾಗ ಹಚ್ಚಿ ಕೂಡಿಸಿದವನಲ್ಲ. ದುಂಬಿ ಕಟ್ಟಿಸಿದ ಕಾಯಿಯ ಬೀಜವನ್ನು ಮಡಿಗಟ್ಟಲೆ ಬಿತ್ತಿದ, ಅರಳಿದ್ದರಲ್ಲಿ ಒಳ್ಳೆಯದನ್ನು ಇಟ್ಟುಕೊಂಡ. ಅವನ 1844ರ ಮದಾಂ ಶೆರೊ, ಬಿಳಿಯ ಮೇಲೆ ನೀಲಿ ಅಂಚಿನ ಹೂ, ಇಂದಿಗೂ ತೋಟಗಳಲ್ಲಿದೆ.

ಪಕಳೆ ಅವರೇ, ನಿಮ್ಮ ಮೂರನೆಯ ಹೂ ಇಲ್ಲಿಗೆ ಬಂತು. ಹಳದಿ ಮೇಲೆ, ಕಂದುಗೆಂಪು ಕೆಳಗೆ, ಚಿಕ್ಕ ಹೂ ಅಂದಿರಿ. ಲೆಮೊನ್‌ನ 1840ರ ಒನೊರಾಬಿಲೆ ಹಾಗೇ ಇರುತ್ತದೆ. ಬೆಲ್ಜಿಯಂನ ವಾನ್ ಹೂಟ್ 1854ರಲ್ಲಿ ತಂದ ಸಾನ್ ಸೂಸಿಯೂ ಅದರ ತದ್ರೂಪು. ಎರಡನ್ನೂ ಜನ ಅದಲು ಬದಲು ಮಾಡುತ್ತಾರೆ. ಕೆಳಗಿನ ದಳದಲ್ಲಿ ಕಂದು ಬಣ್ಣ ಒಟ್ಟಾಗಿ ಬಳಿದಂತಿದೆಯೋ, ಗೆರೆ ಗೆರೆಯಾಗಿ ಇದೆಯೋ ಅಂತ ಹತ್ತಿರದಿಂದ ಒಂದು ಫೋಟೋ ತೆಗೆಯಿರಿ. ಎರಡರಲ್ಲೂ ವೇರಿಗೇಟಾದ ರಕ್ತ ಎದ್ದು ಕಾಣುತ್ತದೆ.

ಪ್ರಶ್ನಾರ್ಥಕ

ಮೊದಲನೆಯ ಕಡು ನೇರಳೆ ಬಗ್ಗೆ ಹೇಳಲೇ ಇಲ್ಲ. ಕಾಯಿ ಯಾಕೆ ಕಟ್ಟಲಿಲ್ಲ?

ಬಾಟನಿ ಮೇಷ್ಟ್ರು

ಅದು ಬಹುಶಃ ಐರಿಸ್ ಜರ್ಮಾನಿಕಾ. ಲಿನೇಯಸ್ 1753ರಲ್ಲಿ ಜರ್ಮನಿಯ ಹೆಸರು ಕೊಟ್ಟ, ಆದರೆ ಅದು ಜರ್ಮನಿಯ ಕಾಡಿನದಲ್ಲ. ಬಹಳ ಹಳೆಯ ಬೆರಕೆ. ಅದರ ಕ್ರೋಮೋಸೋಮ್ 44. ಎತ್ತರದ ಜಾತಿಯ ಕಡೆಯಿಂದ 24, ಕುಳ್ಳ ಜಾತಿಯ ಕಡೆಯಿಂದ 20 ಬಂದಿರಬೇಕು ಅಂತ ವಿವರಿಸುತ್ತಾರೆ. ಎರಡು ಕಡೆಯದೂ ಸರಿಯಾಗಿ ಜೋಡಿಯಾಗುವುದಿಲ್ಲ, ಅದಕ್ಕೇ ಬೀಜ ಕಟ್ಟುವುದು ತೀರಾ ಅಪರೂಪ. ಫ್ಲಾರೆಂಟಿನಾ ಕೂಡ ಅದರದೇ ಬಳಗ.

ಇದರ ಅರ್ಥ ಏನು ನೋಡಿ. ಬೀಜವಿಲ್ಲದ ಗಿಡ ತಾನಾಗಿ ದೂರ ಹೋಗಲಾರದು. ಹಾಗಿದ್ದೂ ಜರ್ಮಾನಿಕಾ ಸ್ಪೇನ್‌ನಿಂದ ನೇಪಾಳದವರೆಗೆ, ಅಮೆರಿಕದ ಹಳ್ಳಿ ಸ್ಮಶಾನಗಳವರೆಗೆ ಹಬ್ಬಿದೆ. ಎಲ್ಲವೂ ಯಾರೋ ಒಬ್ಬರು ಗೆಡ್ಡೆ ಮುರಿದು ಇನ್ನೊಬ್ಬರ ಕೈಗೆ ಕೊಟ್ಟಿದ್ದರಿಂದ. ಮದುವೆಯಾಗಿ ಹೊರಟ ಮಗಳ ಗಂಟಿನಲ್ಲಿ, ಹಡಗಿನಲ್ಲಿ, ಗಾಡಿಯಲ್ಲಿ. ನಿಮ್ಮ ಬೇಲಿಯ ಆ ಗಿಡಕ್ಕೆ ಅಷ್ಟು ಜನರ ಕೈ ತಾಗಿದೆ.

ಝೇಲಂ ದಂಡೆ

ನಾನು ಕೆಲಸದ ಮೇಲೆ ಶ್ರೀನಗರದಲ್ಲಿ ಇದ್ದವನು, ಊರು ದಾವಣಗೆರೆ. ಮೇಷ್ಟ್ರು ಹೇಳಿದ ಮಾತು ಅಲ್ಲಿ ಕಣ್ಣಾರೆ ಕಾಣುತ್ತದೆ. ಏಪ್ರಿಲ್, ಮೇನಲ್ಲಿ ಕಾಶ್ಮೀರದ ಗೋರಿಗಳ ಮೇಲೆ ಐರಿಸ್ ಹಾಸಿದಂತೆ ಅರಳುತ್ತದೆ. ನೇರಳೆ, ಬಿಳಿ ಎರಡೂ. ಸ್ಥಳೀಯರು ಅದನ್ನು ಮಜಾರ್‌ಮುಂಡ್ ಅನ್ನುತ್ತಾರೆ. ಮಜಾರ್ ಅಂದರೆ ಗೋರಿ. ಹಳೆಯ ಮನೆಗಳ ಮಣ್ಣಿನ ಚಾವಣಿ ಮೇಲೂ ಬೆಳೆಯುತ್ತಿದ್ದರಂತೆ. ಅದರ ಬೇರು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ.

ಅಲ್ಲಿನ ಒಂದು ಜಾತಿಗೆ ಐರಿಸ್ ಕಾಶ್ಮೀರಿಯಾನಾ ಅಂತಲೇ ಹೆಸರು, 1877ರಲ್ಲಿ ಬೇಕರ್ ಅನ್ನುವ ಸಸ್ಯ ಪಂಡಿತ ಇಟ್ಟದ್ದು. ಗೋರಿಯ ಮೇಲೆ ಬಿಳಿ ಐರಿಸ್ ನೆಡುವ ಪದ್ಧತಿ ಅರೇಬಿಯಾದಿಂದ ಸ್ಪೇನ್‌ವರೆಗೂ ಇದೆ. ಯೆಮೆನ್ ಕಡೆಯ ಐರಿಸ್ ಅಲ್ಬಿಕಾನ್ಸ್ ಮುಸ್ಲಿಮರ ಜೊತೆ ಮೆಡಿಟರೇನಿಯನ್ ಸುತ್ತ ಹಾಗೇ ಹೋಯಿತು. ಅದೂ ಬೀಜ ಕಟ್ಟದ ಗಿಡವೇ. ನೀರು ಹಾಕುವವರಿಲ್ಲದಿದ್ದರೂ ಬದುಕುತ್ತದೆ, ಬಹುಶಃ ಅದಕ್ಕೇ ಗೋರಿಗೆ ಆರಿಸಿಕೊಂಡರು.

ಬಾಟನಿ ಮೇಷ್ಟ್ರು

ಝೇಲಂ ಅವರೇ, ನೀವು ಹೇಳಿದ ಕಾಶ್ಮೀರದ ಗಿಡ ಈ ಕಥೆಯ ಕೊನೆಯ ಭಾಗಕ್ಕೆ ಬೇಕೇ ಬೇಕು. ಬಹಳ ಚೆನ್ನಾಗಿ ನೆನಪಿಸಿದಿರಿ.

ಪ್ಯಾಲಿಡಾ, ವೇರಿಗೇಟಾ ಎರಡಕ್ಕೂ ಕ್ರೋಮೋಸೋಮ್ 24. ಅವುಗಳ ಮಕ್ಕಳೂ ಹಾಗೇ. 19ನೇ ಶತಮಾನದ ಕೊನೆಗೆ ಅದೇ ಎರಡರ ಬಣ್ಣಗಳು ಹೆಚ್ಚು ಕಡಿಮೆ ಮುಗಿದಿದ್ದವು. ಹೂ ಇನ್ನು ದೊಡ್ಡದಾಗುತ್ತಿರಲಿಲ್ಲ. ಆಗ ಫಾಸ್ಟರ್ ಮಾಡಿದ ಕೆಲಸ ಕೇಳಿ. ಆತ ವೃತ್ತಿಯಲ್ಲಿ ಶರೀರಶಾಸ್ತ್ರದ ಪ್ರೊಫೆಸರ್. ಟರ್ಕಿ ಕಡೆ ಇದ್ದ ಮಿಷನರಿಗಳಿಗೆ ಪತ್ರ ಬರೆದು, ನಿಮ್ಮ ಊರಿನ ಐರಿಸ್ ಗೆಡ್ಡೆ ಕಳಿಸಿ ಅಂತ ಕೇಳಿಕೊಂಡರು. 1885ರಲ್ಲಿ ಅಮಾಸ್ಯಾದಿಂದ ಬಂದದ್ದಕ್ಕೆ ಅಮಾಸ್ ಅಂತಲೇ ಹೆಸರಾಯಿತು. ಸೈಪ್ರಸ್, ಟ್ರಾಯ್, ಮೆಸೊಪೊಟೇಮಿಯಾ, ಕಾಶ್ಮೀರದ ಐರಿಸ್‌ಗಳೂ ಅದೇ ಕಾಲದಲ್ಲಿ ಇಂಗ್ಲೆಂಡಿಗೆ, ಫ್ರಾನ್ಸಿಗೆ ಬಂದವು. ಇವು ಎತ್ತರ, ಹೂ ಅಗಲ, ದಳ ದಪ್ಪ.

ಆದರೆ ಹಳೆಯ ಗಿಡಗಳ ಜೊತೆ ಕೂಡಿಸಿದರೆ ಬೀಜ ಸರಿಯಾಗಿ ಬರುತ್ತಿರಲಿಲ್ಲ. ಬಂದ ಕೆಲವು ಮೊಳಕೆಗಳೂ ಮುಂದೆ ಬಂಜೆಯಾಗುತ್ತಿದ್ದವು. ಫಾಸ್ಟರ್‌ಗೆ ಕಾರಣ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮುಂದೆ 1920ರ ದಶಕದ ಕೊನೆ, 1930ರ ದಶಕದ ಹೊತ್ತಿಗೆ ಫ್ರಾನ್ಸಿನ ಮಾರ್ಕ್ ಸಿಮೊನೆ ಕ್ರೋಮೋಸೋಮ್ ಎಣಿಸಿದಾಗ ತಿಳಿಯಿತು. ಪೂರ್ವದಿಂದ ಬಂದವಕ್ಕೆ 48, ಅಂದರೆ ಟೆಟ್ರಾಪ್ಲಾಯ್ಡ್, ಹನ್ನೆರಡರ ನಾಲ್ಕು ಕಂತು. ಹಳೆಯವಕ್ಕೆ ಎರಡೇ ಕಂತು. 48ರದನ್ನೂ 24ರದನ್ನೂ ಕೂಡಿಸಿದರೆ ಮಗುವಿಗೆ 36. ಮೂರು ಕಂತು ಇದ್ದರೆ ಜೋಡಿ ಕೂಡುವುದಿಲ್ಲ.

ಗೊತ್ತಿಲ್ಲದೆಯೂ ಬಿಡದೆ ಕೂಡಿಸಿದರಲ್ಲ, ಆ ಹಟಕ್ಕೆ ನಾನು ಕೈ ಮುಗಿಯುತ್ತೇನೆ. ಅಪರೂಪಕ್ಕೆ ಹಳೆಯ ಗಿಡವೂ ಇಡೀ 24ನ್ನು ಪರಾಗಕ್ಕೋ ಅಂಡಕ್ಕೋ ಕೊಟ್ಟುಬಿಡುತ್ತದೆ. ಆಗ ಮಗು 48ರದ್ದಾಗಿ, ಫಲ ಕೊಡುವ ಗಿಡವಾಗುತ್ತದೆ. ಸಾವಿರ ಸಲ ಸೋತವರಿಗೆ ಮಾತ್ರ ಸಿಗುವ ಗಿಡ ಅದು. ಫಾಸ್ಟರ್ 1907ರಲ್ಲಿ ತೀರಿಕೊಂಡರು. ಅವರ ಕತೆರಿನಾ, ಕ್ರುಸೇಡರ್, ಲೇಡಿ ಫಾಸ್ಟರ್, ಕಾಶ್ಮೀರ್ ವೈಟ್, ಇವೆಲ್ಲ ಅವರ ನಂತರವೇ ಮಾರುಕಟ್ಟೆಗೆ ಬಂದವು. 1912ರ ಕಾಶ್ಮೀರ್ ವೈಟ್ ಅಂತೂ ಝೇಲಂ ಅವರ ಕಾಶ್ಮೀರದ ಗಿಡದ ಮಗುವೇ. ಇಂಗ್ಲೆಂಡಿನ ಡೆವನ್‌ನಲ್ಲಿ ಆರ್ಥರ್ ಬ್ಲಿಸ್ ಅಮಾಸ್ ಅನ್ನು ಬಳಸಿಕೊಂಡು ಡೊಮಿನಿಯನ್ ಪಡೆದರು. 1917ರಲ್ಲಿ ಅದು ಹೊರಬಂತು, ಮಖಮಲ್ಲಿನಂಥ ಕಡು ನೇರಳೆ ದಳ. ಈಗಿನ ದೊಡ್ಡ ಐರಿಸ್‌ಗಳ ವಂಶ ಹಿಡಿದು ಹೋದರೆ ಎಷ್ಟೋ ದಾರಿಗಳು ಅದಕ್ಕೇ ಮುಟ್ಟುತ್ತವೆ.

ಪ್ರಶ್ನಾರ್ಥಕ

ಅಂದರೆ ಈಗ ನರ್ಸರಿಯಲ್ಲಿ ಸಿಗುವ ದೊಡ್ಡ ಐರಿಸ್ ಯುರೋಪಿನದೂ ಅಲ್ಲ, ಏಷ್ಯಾದ್ದೂ ಅಲ್ಲ. ಎರಡೂ ಸೇರಿದ್ದು. ಆದರೆ ಇತಿಹಾಸ ಹೇಳುವಾಗ ಇಂಗ್ಲಿಷ್, ಫ್ರೆಂಚ್ ಹೆಸರುಗಳೇ ಬರುತ್ತವೆ. ಅಮಾಸ್ಯಾದಲ್ಲಿ ಆ ಗಿಡವನ್ನು ಅಷ್ಟು ಕಾಲ ಬೆಳೆಸಿದ್ದವರು ಯಾರು?

ಬಾಟನಿ ಮೇಷ್ಟ್ರು

ಸರಿಯಾದ ಮಾತು. ಅಲ್ಲಿನ ಹಳ್ಳಿಯವರು, ಗೋರಿಗಳ ಹತ್ತಿರ ನೆಟ್ಟವರು. ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಮೊದಲೇ ಹೇಳಿದೆನಲ್ಲ, ಉಳಿಸಿಕೊಂಡವರಿಗೆ ಮರ್ಯಾದೆ ಸಿಕ್ಕಿಲ್ಲ ಅಂತ. ನನ್ನ ಮನಸ್ಸಿನಲ್ಲಿ ಇದ್ದದ್ದು ಇವರೇ.

ಗಂಧದಂಗಡಿ

ಫ್ಲಾರೆನ್ಸ್ ಬಗ್ಗೆ ಇನ್ನೊಂದು ವಿಷಯ ಬಿಟ್ಟಿದ್ದೆ. ಆ ಊರಿನ ಲಾಂಛನದಲ್ಲಿ ಬಿಳಿ ನೆಲದ ಮೇಲೆ ಕೆಂಪು ಐರಿಸ್ ಇದೆ. ಮುಂಚೆ ಕೆಂಪು ನೆಲದ ಮೇಲೆ ಬಿಳಿ ಹೂ ಇತ್ತು. 1251ರಲ್ಲಿ ಪಕ್ಷಗಳ ಜಗಳದಲ್ಲಿ ಗೆದ್ದವರು ಬಣ್ಣ ತಿರುಗಿಸಿದರು. ಆದರೆ ಗಡ್ಡದ ಐರಿಸ್‌ನಲ್ಲಿ, ಅಂದರೆ ಕೆಳಗಿನ ದಳದ ಮೇಲೆ ಕೂದಲಿನಂಥ ಸಾಲು ಇರುವ ಬಗೆಯಲ್ಲಿ, ಅಪ್ಪಟ ಕೆಂಪು ಹೂ ಇಲ್ಲಿಯವರೆಗೆ ಯಾರಿಗೂ ಸಿಕ್ಕಿಲ್ಲ. ಅಲ್ಲಿ ಬೆಟ್ಟದ ಮೇಲೆ ಒಂದು ಐರಿಸ್ ತೋಟ ಮಾಡಿ, ಪ್ರತಿ ವರ್ಷ ಸ್ಪರ್ಧೆ ನಡೆಸುತ್ತಾರೆ. ಆ ಕೆಂಪು ಬರಲಿ ಅನ್ನುವುದೂ ಅದರ ಆಸೆಗಳಲ್ಲಿ ಒಂದು.

ಹಿತ್ತಲಮನೆ

ಬೆಂಗಳೂರಿನಲ್ಲಿ ಇದು ಬರುತ್ತದಾ? ಆನ್‌ಲೈನ್‌ನಲ್ಲಿ ಗೆಡ್ಡೆ ಮಾರುತ್ತಾರೆ, ಆಸೆ ಆಗ್ತಿದೆ.

ಬಾಟನಿ ಮೇಷ್ಟ್ರು

ದುಡ್ಡು ಹಾಕಬೇಡಿ. ಈ ಗಡ್ಡದ ಐರಿಸ್‌ಗಳಿಗೆ ಚಳಿಗಾಲದ ನಿಜವಾದ ಚಳಿ ಬೇಕು. ಬೆಂಗಳೂರಿನಲ್ಲಿ ಎಲೆ ಬರುತ್ತದೆ, ಹೂ ಬರುವುದು ಕಷ್ಟ. ಮಳೆಗಾಲದಲ್ಲಿ ಗೆಡ್ಡೆ ಕೊಳೆಯುತ್ತದೆ. ಐರಿಸ್ ಬೇಕೇ ಬೇಕು ಅಂದರೆ ಐರಿಸ್ ಡೊಮೆಸ್ಟಿಕಾ ಹಾಕಿ. ಕಿತ್ತಳೆ ಬಣ್ಣದ ಮೇಲೆ ಕೆಂಪು ಚುಕ್ಕಿ, ಕಾಯಿ ಬಿರಿದರೆ ಕಪ್ಪು ಮಣಿಯಂಥ ಬೀಜ. ನಮ್ಮ ಹವಾಮಾನಕ್ಕೆ ಚೆನ್ನಾಗಿ ಒಗ್ಗುತ್ತದೆ. ಮುಂಚೆ ಬೆಲಮ್‌ಕಾಂಡಾ ಅಂತಿದ್ದರು, 2005ರಲ್ಲಿ ಐರಿಸ್ ಕುಲಕ್ಕೆ ಸೇರಿಸಿದರು. ನರ್ಸರಿಯಲ್ಲಿ ಹಳೇ ಹೆಸರು ಹೇಳಿದರೇನೇ ಗೊತ್ತಾಗುವುದು.

ಪಕಳೆ

ಮೇಷ್ಟ್ರೇ, ಕಂದು ಬಣ್ಣ ಒಟ್ಟಾಗಿ ಬಳಿದಂತಿದೆಯೋ ಗೆರೆಯಾಗಿದೆಯೋ ಅಂತ ಹಳೇ ಫೋಟೋ ದೊಡ್ಡದು ಮಾಡಿ ನೋಡಿದೆ. ಬುಡದ ಹತ್ತಿರ ಗೆರೆ, ತುದಿಗೆ ಬರುವಷ್ಟರಲ್ಲಿ ಒಟ್ಟಾಗಿದೆ. ಮುಂದಿನ ಮೇಗೆ ಸರಿಯಾಗಿ ತೆಗೆಯುತ್ತೇನೆ. ಇನ್ನೊಂದು ಕೇಳಬೇಕಿತ್ತು. ಗೆಡ್ಡೆಗಳು ಒಂದರ ಮೇಲೊಂದು ಹತ್ತಿ ಕೂತಿವೆ. ಬಿಡಿಸಿ ನೆಡಬೇಕು. ನಮ್ಮ ಕನ್ನಡ ಸಂಘದವರೂ ಕೇಳುತ್ತಿದ್ದಾರೆ. ಹೆಸರು ಗಟ್ಟಿಯಾಗದೆ ಹಂಚಬಹುದಾ?

ಬಾಟನಿ ಮೇಷ್ಟ್ರು

ಖಂಡಿತ ಹಂಚಿ. ಆದರೆ ಊಹೆಯ ಹೆಸರನ್ನು ನಿಜವಾದ ಹೆಸರಿನ ಹಾಗೆ ಬರೆಯಬೇಡಿ. ಒನೊರಾಬಿಲೆ ಅಂತ ಚೀಟಿ ಅಂಟಿಸಿ ಕೊಟ್ಟರೆ ಹತ್ತು ಮನೆಗೆ ಅದೇ ಹೋಗುತ್ತದೆ, ಆಮೇಲೆ ಬಿಡಿಸಲಾಗದು. ಹೂವಿನ ವರ್ಣನೆ, ಸಿಕ್ಕ ಊರು, ಮನೆಯ ಕಾಲ, ಇಷ್ಟು ಬರೆದು ಕೊಡಿ. ಅಮೆರಿಕದಲ್ಲಿ ಹಳೇ ಐರಿಸ್‌ಗಳನ್ನು ಉಳಿಸುವ ಒಂದು ಸೊಸೈಟಿ 1988ರಿಂದ ಇದೆ. ಮೂವತ್ತು ವರ್ಷ ದಾಟಿದ ತಳಿಯನ್ನೆಲ್ಲ ಅವರು ಹಳೆಯದು ಅಂತ ಲೆಕ್ಕ ಹಾಕುತ್ತಾರೆ. ಫೋಟೋ ಕಳಿಸಿದರೆ ಗುರುತು ಹಿಡಿಯಲು ನೆರವಾಗುತ್ತಾರೆ. ನಿಮಗೆ ನ್ಯೂಜೆರ್ಸಿ ದೂರವಲ್ಲ. ಅಲ್ಲಿನ ಮಾಂಟ್‌ಕ್ಲೇರ್‌ನಲ್ಲಿ ಪ್ರೆಸ್ಬಿ ಐರಿಸ್ ತೋಟ 1927ರಿಂದ ಇದೆ, ಹಳೇ ತಳಿಗಳನ್ನು ಹೆಸರಿನ ಸಮೇತ ನೆಟ್ಟಿದ್ದಾರೆ. ಮೇ ಕೊನೆಗೆ ಹೋಗಿ, ನಿಮ್ಮ ಹೂವನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ, ಪಕ್ಕಕ್ಕಿಟ್ಟು ನೋಡಿ.

ಅಗೆಯುವುದು ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ, ಹೂ ಇರುವಾಗಲೇ ಮೂರು ಬಗೆಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ. ಹೂ ಹೋದ ಮೇಲೆ ಎಲೆ ನೋಡಿ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ. ಈ ವರ್ಷ ದಾರ ಕಟ್ಟಿಲ್ಲ ಅಂದರೆ ಒಂದು ವರ್ಷ ತಡೆಯಿರಿ, ಅವಸರ ಏನೂ ಇಲ್ಲ. ನಡುವಿನ ಹಳೇ ಗೆಡ್ಡೆ ಬಿಸಾಕಿ, ಅಂಚಿನ ಎಳೆಯ ಗೆಡ್ಡೆ ಇಟ್ಟುಕೊಳ್ಳಿ. ತೂತು ಬಿದ್ದಿದ್ದರೆ ಒಳಗೆ ಗುಲಾಬಿ ಬಣ್ಣದ ಹುಳು ಇದೆಯಾ ನೋಡಿ. ನಿಮ್ಮ ಕಡೆ ಐರಿಸ್ ಕೊರೆಯುವ ಹುಳುವಿನ ಕಾಟ ಜಾಸ್ತಿ. ಇದ್ದರೆ ಆ ತುಂಡನ್ನು ಕತ್ತರಿಸಿ ತೆಗೆಯಿರಿ. ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣುವ ಹಾಗೆ ನೆಡಿ. ಪೂರ್ತಿ ಹೂತರೆ ಹೂ ಬರುವುದಿಲ್ಲ.

ಝೇಲಂ ದಂಡೆ

ಪಕಳೆ ಅಕ್ಕ, ಹಂಚುವಾಗ ಆ ಕಡು ನೇರಳೆಯದನ್ನು ಬಿಡಬೇಡಿ. ಸುಲಭಕ್ಕೆ ಸಿಗುತ್ತದೆ ಅಂತ ಎಲ್ಲರೂ ಅದನ್ನೇ ಮೊದಲು ಕಿತ್ತೆಸೆಯುವುದು.

ಪಕಳೆ

ಇಲ್ಲ ತಮ್ಮಾ, ಈಗ ಅದೇ ಮೊದಲು. ಸಂಘದ ಏಳು ಮನೆಯವರು ಹೆಸರು ಕೊಟ್ಟಿದ್ದಾರೆ. ಮೂರೂ ಬಗೆ ಎಲ್ಲರಿಗೂ. ದಾರ ಮುಂದಿನ ಮೇನಲ್ಲಿ, ಗೆಡ್ಡೆ ಆಗಸ್ಟ್‌ನಲ್ಲಿ.